ಸುಣ್ಣದ ಗುರುತು ಒರೆಸಲು ಹೋದ ಅಪ್ಪ

ನಾನು ಚಿಕ್ಕವಳಿದ್ದಾಗ ನಮ್ಮ ಬೊಮ್ರಾಸಪೇಟ್ ಕಡೆ ಬಂಡೆ ಹತ್ತುತ್ತಿದ್ದವರು ಎರಡೇ ಬಗೆಯವರು: ಜೇನು ಕೀಳುವವರು, ತಪ್ಪಿಸಿಕೊಂಡ ಆಡು ಹುಡುಕುವವರು. ಬರಿಗಾಲು, ಸೊಂಟಕ್ಕೊಂದು ನಾರಿನ ಹಗ್ಗ, ಅಷ್ಟೇ. ಸುಮ್ಮನೆ ಹತ್ತಿ ಬರಿಗೈಲಿ ಇಳಿದವರನ್ನು ನಾವು ಕಂಡೇ ಇರಲಿಲ್ಲ. ಹಾಗಾಗಿ ಒಂದು ಬೇಸಿಗೆಯ ಬೆಳಗ್ಗೆ ಹೈದರಾಬಾದಿನ ಮೂವರು ಗಂಡಸರು ಸುತ್ತಿಗೆ, ಕಬ್ಬಿಣದ ಗೂಟ, ದಪ್ಪ ಹಗ್ಗ ಹೊತ್ತು ನಮ್ಮೂರ ದೊಡ್ಡ ಬಂಡೆಯ ಬುಡಕ್ಕೆ ಬಂದಾಗ ಅಪ್ಪನಿಗೆ ಅನುಮಾನ ಶುರುವಾಯಿತು.

ನಮ್ಮದು ಕುರಿ ಸಾಕುವ ಮನೆ. ಬೇಸಿಗೆಯಲ್ಲಿ ಆ ಬಂಡೆಯ ನೆರಳು, ಅದರ ಬುಡದ ನೀರಿನ ಹೊಂಡ, ಇವೇ ಕುರಿಗಳಿಗೆ ಆಧಾರ. ಹಿಂದಿನ ವರ್ಷ ಪಕ್ಕದ ಗುಡ್ಡಕ್ಕೂ ಯಾರೋ ಬಂದು, ಕಲ್ಲು ಬಡಿದು ನೋಡಿ, ಸುಣ್ಣದ ಗುರುತು ಹಾಕಿ ಹೋಗಿದ್ದರು. ಆಮೇಲೆ ಮದ್ದಿಟ್ಟು ಸಿಡಿಸಿದರು. ಗುಡ್ಡ ಕಂಕರ್ ಜಲ್ಲಿಯಾಗಿ ಲಾರಿ ಹತ್ತಿತು. ಈ ಮೂವರೂ ಹಾಗೆಯೇ ಕಲ್ಲು ಬಡಿದರು, ಹತ್ತುತ್ತ ಹೋಗಿ ಸೀಮೆಸುಣ್ಣದಿಂದ ಅಲ್ಲಲ್ಲಿ ಗುರುತು ಹಾಕಿದರು. ಕೇಳಿದರೆ, ಹತ್ತುವುದೇ ನಮ್ಮ ಆಟ ಎಂದು ಉರ್ದುವಿನಲ್ಲಿ ಅಂದರು. ಮೀಸೆ ಬಂದ ಗಂಡಸರಿಗೆ ಆಟವಂತೆ! ಅಪ್ಪನಿಗೆ ಉರ್ದು ಚೆನ್ನಾಗಿ ಬರುತ್ತಿತ್ತು. ಆದರೂ ಬರುವುದಿಲ್ಲವೆಂದು ನಟಿಸಿ, ಅಕ್ಕನನ್ನು ಮಾತಿಗೆ ಬಿಟ್ಟು, ಕಿವಿ ಮಾತ್ರ ಅವರ ಕಡೆಗೇ ಇಟ್ಟುಕೊಂಡಿದ್ದ.

"ಬೆಳ್ಳಗಿರೋದೆಲ್ಲ ಹಾಲಲ್ಲ," ಎಂದು ನಮಗಿಬ್ಬರಿಗೆ ಮೆಲ್ಲಗೆ ಹೇಳಿದ.

ಮಧ್ಯಾಹ್ನ ಅವರು ಊಟಕ್ಕೆಂದು ಹುಣಸೆ ಮರದ ಕಡೆ ಹೋದರು. ಅಪ್ಪ ಕಂಬಳಿಯ ತುದಿಯನ್ನು ಹೊಂಡದಲ್ಲಿ ಅದ್ದಿ ಮೊದಲ ಗುರುತು ಒರೆಸಿದ. ಎರಡನೆಯದು ಸ್ವಲ್ಪ ಮೇಲಿತ್ತು, ಒಂದು ಕಾಲಿಟ್ಟು ಅದನ್ನೂ ಒರೆಸಿದ. ಮೂರನೆಯದು ಇನ್ನೂ ಮೇಲೆ. ಆ ಗುರುತುಗಳೆಲ್ಲ ಕೈಗೆ ಹಿಡಿತ ಸಿಗುವ ಜಾಗಗಳೇ ಎಂದು ಅಪ್ಪನಿಗೇನು ಗೊತ್ತು! ಒರೆಸುತ್ತ ಒರೆಸುತ್ತ ಬಂಡೆಯ ನೆತ್ತಿಗೇ ಹೋಗಿಬಿಟ್ಟ. ಅಲ್ಲಿ ನಿಂತು ಕೆಳಗೆ ನೋಡಿದಾಗಲೇ ಎಷ್ಟು ಮೇಲೆ ಬಂದಿದ್ದೇನೆಂದು ಅವನಿಗೆ ತಿಳಿದದ್ದು. ಹಿಡಿತದ ಗುರುತುಗಳನ್ನು ತಾನೇ ಒರೆಸಿದ್ದ, ಇಳಿಯಲು ಬೇರೆ ದಾರಿಯಿಲ್ಲ. ನಾನು ಅಳಲು ಶುರುಮಾಡಿದೆ.

ಅಕ್ಕ ಓಡಿಹೋಗಿ ಅವರನ್ನು ಕರೆತಂದಳು. ಒಬ್ಬ ಹಗ್ಗ ಹಿಡಿದು ಮೇಲೆ ಹತ್ತಿ ಅಪ್ಪನ ಪಕ್ಕ ನಿಂತ. ಅಪ್ಪ ಹಗ್ಗ ಮುಟ್ಟಲಿಲ್ಲ. ಕೆಂಡದಂತೆ ಕಾದ ಕಲ್ಲಿನ ಮೇಲೆ ಕುಳಿತುಬಿಟ್ಟ.

"ಮೊದಲ ಕೇಳು ಮಗಳ. ಈ ಕಲ್ಲು ಒಡಿಯಾಕ ಬಂದಾರೇನು?"

ಅಕ್ಕ ಕೇಳಿದಳು. ಮೂವರೂ ಆಣೆ ಮಾಡಿದರು. ಅಪ್ಪ ಏಳಲಿಲ್ಲ. ಆಣೆಗೇನು, ಪಕ್ಕದ ಗುಡ್ಡ ಸಿಡಿಸಿದವರೂ ಮಾಡಿದ್ದರು. ಕೊನೆಗೆ ಮೇಲಿದ್ದವನು ಬೇಸತ್ತು, ಇವನಿಗೆ ತಿಳಿಯುವುದಿಲ್ಲವೆಂದುಕೊಂಡು, ಕೆಳಗಿನವರಿಗೆ ಉರ್ದುವಿನಲ್ಲಿ ಕೂಗಿದ: ಇವನಿಗೆ ತಲೆ ಕೆಟ್ಟಿದೆ, ಇಂಥ ಬಂಡೆಗಾಗಿ ವರ್ಷವೆಲ್ಲ ಹುಡುಕಿದೆವು, ಇದನ್ನೇ ಒಡೆದರೆ ನಾವು ಹತ್ತುವುದು ಏನನ್ನು?

ಅಪ್ಪ ಎದ್ದು ನಿಂತ. "ಕಟ್ರಿ ಹಗ್ಗ," ಎಂದ.

ಅರ್ಧ ದಾರಿಯಲ್ಲಿ ಕಾಲು ಜಾರಿತು, ಹಗ್ಗ ಹಿಡಿಯಿತು. ಇಳಿದ ಮೇಲೆ ಮೂವರಿಗೂ ಮಜ್ಜಿಗೆ ಕೊಟ್ಟ. ಆದರೆ ಅವರು ಹೊರಡುವಾಗ ಮದ್ದಿದೆಯೇ ಎಂದು ಚೀಲ ಬಿಚ್ಚಿಸಿ ನೋಡುವುದನ್ನು ಬಿಡಲಿಲ್ಲ. ಊರವರು ಅವನನ್ನು ಸಂಶಯ ಪಿಶಾಚಿ ಎಂದು ನಕ್ಕರು. ನಗಲಿ ಬಿಡಿ, ಆ ಬಂಡೆ ಇಂದಿಗೂ ನಿಂತಿದೆ.

ಆಮೇಲೆ ರಬ್ಬರ್ ಬೂಟು ಹಾಕಿ ಹತ್ತುವವರು ಬಂದರು, ತಾಂಡೂರಿನ ಕಾಲೇಜು ಹುಡುಗಿಯರೂ ಬಂದರು. ಈಗ ನೀವು, ನನ್ನ ಮೊಮ್ಮಕ್ಕಳು, ನಗರದ ದೊಡ್ಡ ಕೋಣೆಯೊಳಗೆ ಬಣ್ಣಬಣ್ಣದ ಪ್ಲಾಸ್ಟಿಕ್ ಹಿಡಿಕೆ ಹಿಡಿದು ಗೋಡೆ ಹತ್ತುತ್ತೀರಿ. ಮೊನ್ನೆ ನೋಡಿದೆ, ಹತ್ತುವ ಮೊದಲು ಒಬ್ಬರ ಹಗ್ಗದ ಗಂಟನ್ನು ಇನ್ನೊಬ್ಬರು ಎಳೆದೆಳೆದು ಪರೀಕ್ಷೆ ಮಾಡುತ್ತೀರಿ. ನನಗೆ ಬಹಳ ಖುಷಿಯಾಯಿತು. ಗಂಟು ಗಟ್ಟಿಯಿದೆಯಾ ಎಂದು ಕೇಳಿದರೆ ಆ ಗೋಡೆಗೆ ಸಾಕು. ನಮ್ಮೂರಿಗೆ ಬಂದಾಗ ಮಾತ್ರ ಇನ್ನೊಂದನ್ನೂ ಕೇಳಬೇಕು, ಮಕ್ಕಳೇ: ಈ ಕಲ್ಲು ನಾಳೆಯೂ ಇರುತ್ತದಾ?