ಖಾಲಿ ಬಿಟ್ಟ ದಿನಾಂಕ

ಅಜ್ಜಂಪುರದ ಕಲ್ಯಾಣ ಮಂಟಪವೊಂದರ ಬುಕಿಂಗ್ ನೋಡಿಕೊಳ್ಳಲು ನಾನು ತರೀಕೆರೆಯಿಂದ ದಿನಾ ಬೆಳಗಿನ ಬಸ್ಸಿಗೆ ಹೋಗಿಬರುತ್ತೇನೆ. ಮಂಟಪಕ್ಕೊಂದು ವೆಬ್‌ಸೈಟ್ ಇದೆ. ಮಾಡಿಕೊಟ್ಟವನು ಕಡೂರಿನವನು. ಪುಟ ಚೆಂದ ಕಂಡರೆ ಅವನಿಗೆ ಸಾಕು, ಅದು ನಿಜ ಹೇಳಬೇಕೆಂದೇನೂ ಇಲ್ಲ.

ಪುಟದ ಅಚ್ಚಿಗೆ ಟೆಂಪ್ಲೇಟ್ ಎನ್ನುತ್ತಾರೆ. ಹೆಸರಿಗೆ, ದಿನಾಂಕಕ್ಕೆ ಅದರಲ್ಲಿ ಜಾಗ ಬಿಟ್ಟಿರುತ್ತದೆ. ತುಂಬುವುದು ಅದರ ಹಿಂದೆ ಓಡುವ ಫ್ರೇಮ್‌ವರ್ಕ್ ಎಂಬ ತಂತ್ರಾಂಶದ ಕೆಲಸ. ತುಂಬಲು ಏನೂ ಸಿಗದಿದ್ದರೆ ಅದು ಅಲ್ಲೇ ನಿಲ್ಲಬೇಕು. ಯಾವ ಸಾಲಿನಲ್ಲಿ ಏನು ಸಿಗಲಿಲ್ಲವೆಂದು ಮಾಡಿದವನಿಗೆ ತಿಳಿಸಬೇಕು, ಬುಕಿಂಗ್ ಆಗಿಲ್ಲವೆಂದು ಜನರಿಗೆ ನೆಟ್ಟಗೆ ಹೇಳಬೇಕು. ಈ ಪುಣ್ಯಾತ್ಮ ಅದರ ಬಾಯಿ ಮುಚ್ಚಿಸಿದ್ದ. ಸಿಗದ ಕಡೆ ಖಾಲಿ ಬಿಟ್ಟು ಮುಂದೆ ಹೋಗುತ್ತಿತ್ತು; ಕೆಳಗೆ ‘ಶುಭವಾಗಲಿ’ ಎಂದು ಹೂಬಳ್ಳಿ ಬೇರೆ.

ಪಂಚನಹಳ್ಳಿಯ ಯಜಮಾನರೊಬ್ಬರು ಮಗಳ ಮದುವೆಗೆ ವೆಬ್‌ಸೈಟಿನಲ್ಲೇ ಬುಕ್ ಮಾಡಿ ಚೀಟಿ ತೆಗೆಸಿಕೊಂಡರು. ದಿನಾಂಕದ ಜಾಗ ಖಾಲಿ. ಲಗ್ನಪತ್ರಿಕೆಯಲ್ಲಿ ಆಹ್ವಾನಿತರ ಹೆಸರಿಗೆ ಜಾಗ ಬಿಟ್ಟು ಪೆನ್ನಿನಲ್ಲಿ ತುಂಬುವುದು ನಮ್ಮಲ್ಲಿ ರೂಢಿ. ಇದೂ ಹಾಗೇ ಎಂದುಕೊಂಡು ಮುಹೂರ್ತದ ದಿನವನ್ನು ತಾವೇ ಬರೆದು, ಮೂಲೆಗಳಿಗೆ ಅರಿಶಿನ ಹಚ್ಚಿ ದೇವರ ಮುಂದಿಟ್ಟರು. ಪತ್ರಿಕೆಯನ್ನೂ ಹಂಚಿಬಿಟ್ಟರು. ನಮ್ಮ ಕಂಪ್ಯೂಟರಿನಲ್ಲಿ ದಿನಾಂಕವೇ ದಾಖಲಾಗಿರಲಿಲ್ಲ. ಆ ದಿನ ಇನ್ನೊಬ್ಬರಿಗೆ ಹೋಗಿತ್ತು.

ಮದುವೆ ಹತ್ತಿರ ಬಂದಾಗ ಅಡುಗೆಯವರನ್ನು ಕರೆದುಕೊಂಡು ಒಲೆ, ನೀರು ನೋಡಲು ಬಂದರು. ವಿಷಯ ತಿಳಿದು ಬೆಂಚಿನ ಮೇಲೆ ಕೂತವರು ಕಾಫಿ ಮುಟ್ಟಲಿಲ್ಲ. ನಾನು ಕಡೂರಿಗೆ ಫೋನ್ ಮಾಡಿದೆ.

“ತಪ್ಪು ತೋರ್ಸಿದ್ರೆ ಜನ ಗಾಬ್ರಿ ಬೀಳ್ತಾರೆ ಕಣಕ್ಕಾ,” ಅಂದ.

“ಬಂದು ಇವ್ರ ಮುಖ ನೋಡು. ಗಾಬ್ರಿ ಹೆಂಗಿರುತ್ತೆ ಅಂತ ಗೊತ್ತಾಗುತ್ತೆ.”

ಬರಲಿಲ್ಲ. ಅಂಥವರು ಬರುವುದೂ ಇಲ್ಲ. ಕೊನೆಗೆ ಹುಡುಗಿಯ ಸೋದರಮಾವ ಬುಕ್ಕಾಂಬುಧಿಯ ತನ್ನ ಮನೆ ಮುಂದೆ ಚಪ್ಪರ ಹಾಕಿಸಿದ. ಸಿಕ್ಕವರಿಗೆ ಫೋನಿನಲ್ಲಿ ತಿಳಿಸಿದರು. ಸಿಗದವರು ನಮ್ಮ ಮಂಟಪಕ್ಕೇ ಬರುವವರು.

ಮದುವೆಯ ದಿನ ಬೆಳಿಗ್ಗೆಯೇ ಒಂದು ವ್ಯಾನು ಗೊತ್ತುಮಾಡಿಕೊಂಡು ನಾನು ಗೇಟಿನಲ್ಲಿ ನಿಂತೆ. ಪಂಚನಹಳ್ಳಿಯವರ ಮದುವೆಗೆಂದು ಬಂದವರಿಗೆಲ್ಲ, ಅದು ಇಲ್ಲಿಲ್ಲ, ಬುಕ್ಕಾಂಬುಧಿಯಲ್ಲಿ, ಆ ವ್ಯಾನು ಅಲ್ಲಿಗೇ ಹೋಗುತ್ತದೆ ಎಂದು ಹೇಳಿ ಹತ್ತಿಸಿದೆ. ಕೆಲವರು ನಕ್ಕರು, ಒಬ್ಬರು ನನಗೇ ಬೈದರು. ನಡುವೆ ಕಡೂರಿನವನ ಮೆಸೇಜು ಬಂತು: ಪುಟ ಸರಿಮಾಡಿದ್ದಾನಂತೆ, ದಿನಾಂಕ ಸಿಗದಿದ್ದರೆ ಇನ್ನು ‘ಶೀಘ್ರದಲ್ಲಿ’ ಎಂದು ಬರುತ್ತದಂತೆ. ಫೋನನ್ನು ಚೀಲಕ್ಕೆ ಹಾಕಿ ಮುಂದಿನವರನ್ನು ವ್ಯಾನಿಗೆ ಹತ್ತಿಸಿದೆ.

ಎಲ್ಲರಿಗಿಂತ ಕೊನೆಗೆ ಹುಡುಗಿಯ ಅಜ್ಜಿಯ ತಂಗಿ ಆಟೋ ಇಳಿದರು.

“ತಾಳಿ ಕಟ್ಟೋದ್ರೊಳಗೆ ಸೇರ್ಕೋತೀನೇನೇ?”

“ಸೇರ್ಕೋತೀರ ಅಜ್ಜಿ, ಹತ್ತಿ,” ಎಂದು ಕೈಹಿಡಿದು ಹತ್ತಿಸಿ, ನಾನೂ ಪಕ್ಕದಲ್ಲಿ ಕೂತೆ.