ಲಾಫ್ ಆದಮೇಲೆ ಅಟ್

ಅಣ್ಣನಿಗೆ ನಿಶ್ಚಯವಾದ ಹುಡುಗಿ ಪುಣೆಯಲ್ಲಿ ಬೆಳೆದವಳು. ಮನೆಮಾತು ಕನ್ನಡವೇ, ಆದರೆ ಓದಲು ಬರೆಯಲು ಬಾರದು. ಅವಳಿಗೆ ಮೆಸೇಜನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದರೂ ನಡೆಯುತ್ತಿತ್ತು. ನನಗೋ, ಡಿಗ್ರಿ ಓದಿದ ನಾದಿನಿ ಅನ್ನಿಸಿಕೊಳ್ಳುವ ಆಸೆ; ಇಂಗ್ಲಿಷಿನಲ್ಲೇ ಬರೆಯುತ್ತಿದ್ದೆ.

ಅವಳೂ ಅವಳ ಅಪ್ಪನೂ ಹುಲಿಗಿಗೆ ಬಂದು, ದೇವಿಯ ದರ್ಶನ ಮುಗಿಸಿ, ಗಂಗಾವತಿಯ ನಮ್ಮ ಮನೆಗೆ ಊಟಕ್ಕೆ ಬಂದರು. ಗುಡಿಯ ಹೊರಗೆ ತಾನು ತಮ್ಮದೆಂದುಕೊಂಡು ಬೇರೆ ಯಾರದೋ ಬಿಳಿ ಕಾರು ಹತ್ತಿ, ಅದರಲ್ಲಿದ್ದವರು ಕೊಟ್ಟ ಮಂಡಕ್ಕಿಯನ್ನೂ ತಿನ್ನುತ್ತ ಕುಳಿತಿದ್ದನ್ನು ಅವಳು ಒಂದಿಷ್ಟೂ ನಗದೆ ಹೇಳಿದಳು. ನಕ್ಕೂ ನಕ್ಕೂ ಅವ್ವನಿಗೆ ತುತ್ತು ನೆತ್ತಿಗೆ ಹತ್ತಿತು.

ಅವರು ಹೊರಟ ಮೇಲೆ ಅವಳಿಗೆ ಪ್ರೀತಿಯಿಂದ ಮೆಸೇಜ್ ಮಾಡಿದೆ: ‘ವಿ ಆಲ್ ಲಾಫ್ಡ್ ಅಟ್ ಯು. ವೆರಿ ಹ್ಯಾಪಿ.’

ಓದಿದ ಗುರುತು ಬಿತ್ತು. ಉತ್ತರ ಬರಲಿಲ್ಲ.

ಮರುದಿನ ಅಣ್ಣ ಫೋನ್ ಹಿಡಿದುಕೊಂಡೇ ಅಡುಗೆಮನೆಗೆ ಬಂದ. “ಏನ್ ಬರದೀಯವಾ ಇದು? ಆಕಿನ್ನ ಆಡ್ಕೊಂಡು ನಕ್ಕೀವಿ ಅಂದಂಗಾತು!”

“ಸಾಲ್ಯಾಗ ಲಾಫ್ ಆದಮ್ಯಾಲೆ ಅಟ್ ಅಂತನ ಬಾಯಿಪಾಠ ಮಾಡ್ಸಿದ್ರಲ್ಲ?”

“ಇಲ್ಲಿ ವಿತ್ ಅನ್ಬೇಕು.”

“ವಿತ್ ಅಂದ್ರ ಜೋಡಿ. ಆಕಿ ಎಲ್ಲಿ ನಕ್ಕಳು? ನಾವಷ್ಟ ನಕ್ಕಿದ್ದು.”

ಅಣ್ಣ ಹೊರಗೆ ಹೋದ ಮೇಲೂ ನನಗೆ ಅದೇ ಯೋಚನೆ. ‘ಲುಕ್ ಅಟ್’ ಎಂದರೆ ಯಾರಿಗೂ ಬೇಜಾರಿಲ್ಲ, ‘ಸ್ಮೈಲ್ ಅಟ್’ ಎಂದರೂ ಇಲ್ಲ. ನಗು ಜೋರಾದ ಕೂಡಲೇ ಅದೇ ಅಟ್ ಹೇಗೆ ಅವಮಾನವಾಗುತ್ತದೆ? ತಿದ್ದಿ ಬರೆಯಲು ಹೋದೆ. ವಿತ್ ಹಾಕಿದೆ, ಅಳಿಸಿದೆ. ಫಾರ್ ಹಾಕಿದೆ, ಅದೂ ಅನುಮಾನವೆನಿಸಿತು. ಕೊನೆಗೆ ಬರೆಯುವುದೇ ಬೇಡವೆಂದು ಅತ್ತಿಗೆಯಾಗುವವಳಿಗೇ ಫೋನ್ ಮಾಡಿದೆ.

“ವೈನಿ, ತಪ್ಪು ತಿಳ್ಕೊಬ್ಯಾಡ್ರಿ. ನೀವು ಹೇಳಿದ್ದು ಭಾಳ ಛಲೋ ಇತ್ತು, ಅದಕ್ಕ ನಕ್ವಿ.”

 

“ನಗ್ಲಿ ಅಂತನ ಹೇಳಿದ್ನಿ,” ಎಂದಳು. “ಆದ್ರ ಮೆಸೇಜ್ ನೋಡಿ, ಇವ್ರು ನಮ್ಮನ್ನ ಪೆದ್ದರು ಅಂದ್ಕೊಂಡ್ರೇನೋ ಅಂತ ಅಪ್ಪಾ ರಾತ್ರಿ ಊಟಾನೂ ಸರಿ ಮಾಡ್ಲಿಲ್ಲ.”

ಅವಳ ಅಪ್ಪನೊಂದಿಗೂ ಮಾತಾಡಿದೆ. ಅವರು ಎರಡು ಸಲ “ಇರ್ಲಿ ಬಿಡವಾ” ಎಂದ ಮೇಲೆ ಜೀವಕ್ಕೆ ಸಮಾಧಾನವಾಯಿತು.

ಸಂಜೆ ಅವಳದೇ ಮೆಸೇಜ್ ಬಂತು: ‘ಐ ಆಮ್ ನಾಟ್ ಆಂಗ್ರಿ ಆನ್ ಯು.’

ಅಣ್ಣನಿಗೆ ತೋರಿಸಿದೆ. “ಇಲ್ಲಿ ಆನ್ ಸರಿ ಐತೇನು?”

ಅವನು ಓದಿದ, ಮತ್ತೆ ಓದಿದ, ತಲೆ ಕೆರೆದುಕೊಂಡ.

“ಸಿಟ್ಟಿಲ್ಲ ಅಂದಾಳಲ್ಲ,” ಎಂದ. “ಇನ್ನೇನ್ ಕೆದಕ್ತಿ?”