ನೂಲು ಕಟ್ಟಿ ಕಂಪ್ಯೂಟರ್ ಓದಿದ ಮಾಳಪ್ಪ ಸಾಹೇಬರು

ಮಾಳಪ್ಪ ಸಾಹೇಬರ ಅಂಗಿಯ ಜೇಬಿನಿಂದ ಪೆನ್ನಿಗಿಂತ ಮೊದಲು ಉಣ್ಣೆಯ ನೂಲು ಇಣುಕುತ್ತಿತ್ತು. ದೇವದುರ್ಗದ ಕಡೆಯ ಕುರಿಗಾರರ ಮನೆತನ. ತಂದೆ ಕಂಬಳಿ ನೇಯುತ್ತಿದ್ದರು. ಇವರು ಇಂಜಿನಿಯರಾಗಿ, ಎಂಬತ್ತರ ದಶಕದ ಕೊನೆಯಲ್ಲಿ, ರಾಯಚೂರಿನ ನಮ್ಮ ಎಣ್ಣೆ ಕಾರ್ಖಾನೆಗೆ ಕಂಪ್ಯೂಟರ್ ನೋಡಿಕೊಳ್ಳಲು ಬಂದರು. ಬಂದ ದಿನವೇ ನನ್ನ ಪಕ್ಕ ಕೂತು, "ಶೇಂಗಾ ಹಿಂಡಿ ಅದ ಏನಲೇ?" ಎಂದು ಬುತ್ತಿಯಲ್ಲಿದ್ದ ಚಟ್ನಿಪುಡಿಗೆ ಕೈ ಹಾಕಿದರು.

ನಾನು ಹನುಮಂತ, ಮಾನ್ವಿ ತಾಲೂಕಿನ ಕಲ್ಲೂರಿನವನು, ಐದನೇ ತರಗತಿಗೆ ಶಾಲೆ ಬಿಟ್ಟವನು. ಆದರೆ ಆ ಕಾರ್ಖಾನೆಯ ಕೇಬಲ್ ಎಲ್ಲ ನನ್ನ ಕೈಯದು. ಬಾಯ್ಲರ್ ಮನೆ, ಎಣ್ಣೆ ಶೆಡ್ಡು, ಕಂಟ್ರೋಲ್ ರೂಮು, ಮೂರೂ ಕಡೆಯ ಕಂಪ್ಯೂಟರುಗಳನ್ನು ನೆಲ ಅಗೆದು ಜೋಡಿಸಿದ್ದೆ. ಬಾಯ್ಲರಿನಲ್ಲಿ ಒತ್ತಡ ಏರಿದ ಕ್ಷಣವೇ ಕಂಟ್ರೋಲ್ ರೂಮಿನಲ್ಲಿ ಗಂಟೆ ಹೊಡೆಯಬೇಕು. ಅದು ತಡವಾಗಿ ಹೊಡೆಯುತ್ತಿತ್ತು. ಮ್ಯಾನೇಜರ್ ಎಲ್ಲರೆದುರು ಹೇಳಿದರು: "ಕೇಬಲ್ಲೇ ಸರಿ ಇಲ್ಲ. ನಾಳೆ ಕಿತ್ತಸ್ರಿ. ಹನುಮಂತನ್ನ ಮನಿಗೆ ಕಳಸ್ರಿ."

"ನನ್ನ ಜಾಯಿಂಟ್ ಒಂದೂ ಸಡ್ಲಿಲ್ಲರೀ!" ಎಂದೆ, ಮೈ ಉರಿದು.

"ಬಾಯಿ ಮಾಡಬ್ಯಾಡಲೇ. ಕಣ್ಣಿಗೇ ತೋರಸೋಣು," ಎಂದರು ಮಾಳಪ್ಪ ಸಾಹೇಬರು.

ಕಂಪ್ಯೂಟರಿಗೊಂದರಂತೆ ಮೂರು ಹಲಗೆ ನಿಲ್ಲಿಸಿದರು. ಮೇಲಿಂದ ಕೆಳಕ್ಕೆ ಮೊಳೆ. ಕೆಳಗಿಳಿದಷ್ಟೂ ಹೊತ್ತು ಸರಿದಂತೆ. ಯಂತ್ರಗಳು ಕಾಗದದ ಮೇಲೆ ಅಚ್ಚು ಹಾಕಿದ ವೇಳೆ ನೋಡಿ, ಒಂದು ಕಂಪ್ಯೂಟರಿನಿಂದ ಸುದ್ದಿ ಹೊರಟ ಮೊಳೆಯಿಂದ ಇನ್ನೊಂದಕ್ಕೆ ಮುಟ್ಟಿದ ಮೊಳೆಗೆ ನೂಲು ಕಟ್ಟಿದರು. ತಡವಾದಷ್ಟೂ ನೂಲು ಕೆಳಕ್ಕೆ ಇಳಿಯಬೇಕು. ಬಾಯ್ಲರಿನ ನೂಲುಗಳು ಮೇಲಕ್ಕೆ ಏರಿದವು!

ಮ್ಯಾನೇಜರ್ ಹೊಟ್ಟೆ ಹಿಡಿದು ನಕ್ಕರು. "ಕಳಸೋಕಿಂತ ಮದ್ಲ ಮುಟ್ಟೇದಲ್ರೀ! ಕಂಬಳಿ ನೇಯಾಕತ್ತೀರೇನು?"

ಸಾಹೇಬರು ತಲೆ ಕೆರೆದುಕೊಂಡು ನೋಡಿದರು, ನೋಡಿದರು, ತೊಡೆ ತಟ್ಟಿದರು. "ಗಡಿಯಾರಲೇ! ಬಾಯ್ಲರಿನ ಯಂತ್ರದ ಗಡಿಯಾರ ಮುಂದ ಓಡಾಕತ್ತದ!"

ಕೈಗಡಿಯಾರ ಹಿಡಿದು ವ್ಯತ್ಯಾಸ ಹುಡುಕಿ, ಆ ಹಲಗೆಯನ್ನು ಅಷ್ಟು ಮೇಲಕ್ಕೆ ಸರಿಸಿದರು. ನೂಲುಗಳೆಲ್ಲ ಹೆಚ್ಚುಕಡಿಮೆ ಅಡ್ಡಗೆರೆ ಎಳೆದಂತೆ ನಿಂತವು. ಸುದ್ದಿ ದಾರಿಯಲ್ಲಿ ಎಲ್ಲೂ ತಡವಾಗಿರಲಿಲ್ಲ. ಕಂಟ್ರೋಲ್ ರೂಮಿನ ಹಲಗೆಯಲ್ಲಿ ಮಾತ್ರ, ಸುದ್ದಿ ಬಂದ ಮೊಳೆಗೂ ಗಂಟೆ ಹೊಡೆದ ಮೊಳೆಗೂ ನಡುವೆ ಮೊಳದುದ್ದ ಬಯಲು.

"ಇಲ್ನೋಡ್ರಿ. ಕಾಗದ ಅಚ್ಚು ಹಾಕಿ ಮುಗಸೋತನಕ ಈ ಯಂತ್ರ ಗಂಟಿ ಹೊಡಿಯೋದಿಲ್ಲ. ಹನುಮಂತನ ಕೇಬಲ್ ಓಡ್ಯಾದ, ನಿಮ್ಮ ಕಂಪ್ಯೂಟರ್ ಕುಂತದ."

ಮೊದಲು ಗಂಟೆ, ಆಮೇಲೆ ಅಚ್ಚು ಎಂದು ಪ್ರೋಗ್ರಾಂ ತಿದ್ದಿದರು. ಬಾಯ್ಲರಿನವನು ಪರೀಕ್ಷೆಯ ಗುಂಡಿ ಒತ್ತಿದ್ದೇ ತಡ, ಗಂಟೆ ಬಡಿಯಿತು. ಶೆಡ್ಡಿನವರೆಲ್ಲ ಕೇಕೆ ಹಾಕಿದರು.

"ಆಯ್ತು, ಕೇಬಲ್ ಇರ್ಲಿ ಬಿಡ್ರಿ," ಎಂದು ಮ್ಯಾನೇಜರ್ ಎದ್ದರು.

"ಹಂಗಲ್ರಿ. ಬೈದದ್ದು ಎಲ್ಲಾರ ಮುಂದ. ಇದನ್ನೂ ಎಲ್ಲಾರ ಮುಂದ ಹೇಳ್ರಿ," ಎಂದರು ಸಾಹೇಬರು.

ಮ್ಯಾನೇಜರ್ ಹೇಳಿದರು. ನನ್ನ ಹೆಸರು ಹಿಡಿದೇ ಹೇಳಿದರು.

ಮರುವರ್ಷ ಸಾಹೇಬರು ಬೇರೆ ಕೆಲಸ ಹಿಡಿದು ಹೊರಟರು. ದೇವದುರ್ಗದ ಬಸ್ಸಿನಲ್ಲಿ ಕೂತು, ಬೀಳ್ಕೊಡಲು ಕೆಳಗೆ ನಿಂತಿದ್ದ ನನ್ನನ್ನು ಕಿಟಕಿಯಿಂದ ಕಂಡಕ್ಟರನಿಗೆ ತೋರಿಸಿದರು: "ಇಂವ ಹನುಮಂತ. ಇಂವ ಹಾಕಿದ ಕೇಬಲ್‌ಗೆ ಯಾರೂ ಬೊಟ್ಟು ಮಾಡಂಗಿಲ್ಲ!"

"ಇರ್ಲಿ ಯಪ್ಪಾ, ಟಿಕೇಟ್ ತಗೋ ಮದ್ಲ."

ಬಸ್ಸೆಲ್ಲ ನಕ್ಕಿತು. ಮತ್ತೆ ಅವರನ್ನು ನಾನು ಕಾಣಲಿಲ್ಲ. ಕಾರ್ಖಾನೆ ನಡೆದಷ್ಟು ದಿನವೂ ನನ್ನ ಕೇಬಲ್ ಮೇಲೆ ಯಾರೂ ಗುದ್ದಲಿ ಎತ್ತಲಿಲ್ಲ.